ಆನ್‌ಲೈನ್ ದತ್ತಸಂಚಯಗಳ ಲೇಖನಗಳನ್ನು ಉಲ್ಲೇಖಿಸುವ ಕ್ರಮ

ದತ್ತಸಂಚಯದಿಂದ ಪಡೆದ ಲೇಖನವನ್ನು ಸಂಶೋಧನಾ ಪ್ರಬಂಧದಲ್ಲಿ ಉಲ್ಲೇಖಿಸುವಾಗ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ ಹಾಗೂ ಪುಟಸಂಖ್ಯೆಗಳನ್ನು ಮುದ್ರಿತ ಲೇಖನಕ್ಕೆ ನೀಡುವಂತೆಯೇ ನೀಡತಕ್ಕದ್ದು. ತದನಂತರ ಡಿಒಐ ಎಂಬ ಗುರುತು ಸಂಖ್ಯೆಯನ್ನು ಸೇರಿಸುವುದು. 10 ಎಂಬ ಅಂಕಿಯಿಂದ ಆರಂಭವಾಗುವ ಈ ಸಂಖ್ಯೆಯು ಲೇಖನವಿರುವ ಜಾಲತಾಣದ ವಿಳಾಸ ಬದಲಾದರೂ ಬದಲಾಗುವುದಿಲ್ಲ.

ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಪ್ರವೇಶಿಸಿದಾಗ ಬ್ರೌಸರ್‌ನಲ್ಲಿ ಕಾಣುವ ವಿಳಾಸವನ್ನು ನಕಲು ಮಾಡಬಾರದು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅಂತಹ ವಿಳಾಸವು ಅನೇಕ ವೇಳೆ ಆ ಗ್ರಂಥಾಲಯದ ಸದಸ್ಯರಿಗಷ್ಟೇ ಸೀಮಿತವಾಗಿದ್ದು, ಹೊರಗಿನ ಮೌಲ್ಯಮಾಪಕರಿಗೆ ಲೇಖನವು ದೊರೆಯದು. ಆಧಾರವನ್ನು ಪರಿಶೀಲಿಸಲು ಅವರಿಗೆ ಅವಕಾಶವೇ ಇಲ್ಲದಂತಾಗುತ್ತದೆ. ಡಿಒಐ ಇಲ್ಲದಿದ್ದಲ್ಲಿ, ಜೆಸ್ಟೋರ್‌ನಂತಹ ದತ್ತಸಂಚಯಗಳು ಲೇಖನದ ಪುಟದಲ್ಲಿ ನೀಡುವ ಸ್ಥಿರ ಕೊಂಡಿಯನ್ನು ಬಳಸಬಹುದು.

ದತ್ತಸಂಚಯದ ಹೆಸರನ್ನು ಎಂಎಲ್‌ಎ ಶೈಲಿಯಲ್ಲಿ ನಮೂದಿಸಬೇಕು. 2019ರ ಎಪಿಎ 7ನೆಯ ಆವೃತ್ತಿಯಂತೆ ಸಾಮಾನ್ಯವಾಗಿ ಬೇಕಿಲ್ಲ. ಅನುಸರಿಸಬೇಕಾದ ಶೈಲಿಯನ್ನು ಮಾರ್ಗದರ್ಶಕರಿಂದ ಮೊದಲೇ ಖಚಿತಪಡಿಸಿಕೊಳ್ಳುವುದು.