ಇಂಥವರು ಇಲ್ಲಿದ್ದಾರೆಯೇ?

ನಾನು ನಿವೃತ್ತಳಾಗಲು ಇನ್ನೂ ಮೂರು ವರ್ಷ ಇದ್ದಾಗಿನ ಮಾತು. ಒಂದು ಬೆಳಗ್ಗೆ ನಮ್ಮ ಕಚೇರಿಯ ಧಾರವಾಡದ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಅಕ್ಕಾರ, ನಾ ನೌಕರಿ ಬಿಟ್ಟೀನಂತ್ರಿ. ನನಗ ಗೊತ್ತಿಲ್ಲದಂಗ!" ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ಊರಿನಲ್ಲಿ ತಾಯಿ ಒಬ್ಬರೇ ಇದ್ದುದರಿಂದ ಹುಬ್ಬಳ್ಳಿ ಶಾಖೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆದು ಅಲ್ಲಿಂದ ಕಳಿಸಿದ ಇಮೇಲ್ ಎರಡು ಸಲ ಮರಳಿ ಹೋಯಿತು. ಈಕೆ ಕೆಲಸ ಬಿಟ್ಟಿರಬೇಕು ಎಂದುಕೊಂಡ ಶಾಖೆಯವರು ಪಟ್ಟಿಯ ಮುಂದಿನ ಹೆಸರಿಗೆ ಹೋಗಿಬಿಟ್ಟರು. ನಡುವೆ ನಡೆದದ್ದು ಇಷ್ಟೇ: ಆಕೆಗೆ ಮದುವೆಯಾಗಿತ್ತು.

ಮುಂಬಯಿಯ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಮೇಲ್ ಸರ್ವರ್ ನೋಡಿಕೊಂಡವಳು ನಾನು. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವುದು, ಈ ವಿಳಾಸಕ್ಕೆ ಪತ್ರ ಹಾಕಿದರೆ ಯಾರ ಪೆಟ್ಟಿಗೆಗೆ ಬೀಳುತ್ತದೆ ಎಂದು ನೋಡುವುದು, ಇದು ನನ್ನ ದಿನನಿತ್ಯದ ಕೆಲಸ. ಮನೆಯವರಿಗೆ ವಿವರಿಸಿ ಸಾಕಾಗಿ ಕೊನೆಗೆ "ಪೋಸ್ಟ್‌ಮ್ಯಾನ್ ಕೆಲಸ" ಎಂದು ಹೇಳಿಬಿಡುತ್ತಿದ್ದೆ. ಮಹಿಳಾ ವಿಭಾಗದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ಈ ಕೆಲಸದ ಇತಿಹಾಸವನ್ನೇ ಬರೆಯೋಣ ಎನಿಸಿತು. ಅದರ ಮೊದಲ ಪುಟಗಳಲ್ಲೇ ಒಬ್ಬ ಹೆಂಗಸಿದ್ದಾಳೆ, ನಮ್ಮಲ್ಲಿ ಹೆಚ್ಚಿನವರು ಆಕೆಯ ಹೆಸರು ಕೇಳಿಲ್ಲ.

ಎಲಿಜಬೆತ್ ಫೈನ್ಲರ್ 1931ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದವರು. ಎಲ್ಲರೂ ಕರೆಯುತ್ತಿದ್ದದ್ದು ಜೇಕ್ ಎಂದು. ಮನೆಯಲ್ಲಿ 'ಬೆಟ್ಟಿ ಜೋ' ಎಂದು ಕರೆಯುವುದನ್ನು ಪುಟ್ಟ ಅಕ್ಕ ತೊದಲಿ ತೊದಲಿ ಜೇಕ್ ಮಾಡಿದಳಂತೆ. ಓದಿದ್ದು ರಸಾಯನಶಾಸ್ತ್ರ. ಪಿಎಚ್.ಡಿ. ನಡುವೆಯೇ ಬಿಟ್ಟು ರಸಾಯನಶಾಸ್ತ್ರದ ಪ್ರಬಂಧಗಳ ಸಾರಾಂಶ ಸಿದ್ಧಪಡಿಸುವ ಸಂಸ್ಥೆಗೆ ಸೇರಿ, 1960ರಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರನ್ನು 1972ರಲ್ಲಿ ತಮ್ಮ ಗುಂಪಿಗೆ ಕರೆದುಕೊಂಡರು. ಇಂದಿನ ಇಂಟರ್ನೆಟ್ಟಿನ ಅಜ್ಜಿಯಾದ ಆರ್ಪಾನೆಟ್ ಜಾಲವನ್ನು ಅದೇ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸಮ್ಮೇಳನದಲ್ಲಿ ಜನರಿಗೆ ಮೊದಲ ಬಾರಿ ತೋರಿಸುವುದಿತ್ತು. ಯಾವ ಕಂಪ್ಯೂಟರ್ ಎಲ್ಲಿದೆ, ಅದರಲ್ಲಿ ಏನಿದೆ, ಯಾರನ್ನು ಕೇಳಬೇಕು ಎಂದು ತಿಳಿಸುವ ಕೈಪಿಡಿ ಬೇಕಾಗಿತ್ತು. ಅಂಥದ್ದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಜೇಕ್ ಊರೂರಿಗೆ ಫೋನ್ ಮಾಡಿ, ಪತ್ರ ಬರೆದು ಮಾಹಿತಿ ಕಲೆಹಾಕಿದರು.

ಮುಂದೆ 1974ರಿಂದ 1989ರವರೆಗೆ ಜಾಲದ ಮಾಹಿತಿ ಕೇಂದ್ರವನ್ನು ಅವರೇ ನಡೆಸಿದರು. ಕಂಪ್ಯೂಟರುಗಳ ಹೆಸರಿನ ಪಟ್ಟಿ ಇಡುವುದು, ಜನರ ಹೆಸರು, ಫೋನ್, ಇಮೇಲ್ ವಿಳಾಸವಿರುವ ಡೈರೆಕ್ಟರಿ ಅಚ್ಚು ಹಾಕಿಸುವುದು, ತಪ್ಪು ತಿದ್ದುವುದು, ಎಲ್ಲವೂ ಅಲ್ಲಿ. ಹೊಸ ಕಂಪ್ಯೂಟರ್ ಸೇರಿಸಬೇಕಾದರೂ ಅವರ ಕಚೇರಿ ತೆರೆದಿರುವಾಗಲೇ ಕೇಳಬೇಕು. ಡಾಟ್ ಕಾಮ್, ಡಾಟ್ ಎಜು, ಡಾಟ್ ಗವ್ ಎಂಬ ವಿಂಗಡಣೆ ರೂಪುಗೊಂಡದ್ದೂ ಈ ಕೇಂದ್ರದ ಕೈಯಲ್ಲೇ. ದಿನಕ್ಕೆ ಹತ್ತು ಸಲ ಡಾಟ್ ಕಾಮ್ ಎನ್ನುತ್ತೇವಲ್ಲ!

ಆಗ ಜಾಲ ಎಂದರೆ ಒಂದು ಸಣ್ಣ ಊರು, ಬಾಗಿಲುಗಳು ತೆರೆದೇ ಇರುತ್ತಿದ್ದವು. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಲೆಸ್ ಅರ್ನೆಸ್ಟ್ 'ಫಿಂಗರ್' ಎಂಬ ಆಜ್ಞೆ ಬರೆದರು. ಕಂಪ್ಯೂಟರಿನಲ್ಲಿ ಯಾರು ಯಾರು ಇದ್ದಾರೆ ಎಂಬ ಉದ್ದ ಪಟ್ಟಿಯ ಮೇಲೆ ಜನ ಬೆರಳು ಓಡಿಸುತ್ತಾ ಹೆಸರು ಹುಡುಕುತ್ತಿದ್ದದ್ದನ್ನು ನೋಡಿ ಇಟ್ಟ ಹೆಸರು. ಪಂಚಾಂಗದಲ್ಲಿ ನಮ್ಮ ಅಜ್ಜಿ ಏಕಾದಶಿ ಹುಡುಕುತ್ತಿದ್ದ ಹಾಗೆ. ಫಿಂಗರ್ ಕೇಳಿದರೆ ಆ ವ್ಯಕ್ತಿಯ ಪೂರ್ತಿ ಹೆಸರು, ಕೊನೆಯ ಸಲ ಯಾವಾಗ ಬಂದಿದ್ದರು, ಜೊತೆಗೆ 'ಪ್ಲಾನ್' ಎಂಬ ಕಡತದಲ್ಲಿ ಅವರೇ ಬರೆದಿಟ್ಟದ್ದು, ಎಲ್ಲ ಸಿಗುತ್ತಿತ್ತು. 1982ರ ಮಾರ್ಚಿನಲ್ಲಿ ಜೇಕ್ ಅವರ ಕೇಂದ್ರದಿಂದ 'ಹೂಈಸ್' ಸೇವೆಯ ವಿವರಣೆ ಹೊರಬಂತು. ಡೈರೆಕ್ಟರಿಯ ಪುಸ್ತಕ ತಿರುವುವ ಬದಲು ಒಂದು ಹೆಸರು ಟೈಪ್ ಮಾಡಿದರೆ ಉತ್ತರ. ಹೆಸರಿನ ಮೊದಲ ಅಕ್ಷರಗಳಷ್ಟೇ ನೆನಪಿದ್ದರೆ ಮುಂದೆ ಚುಕ್ಕಿ ಹಾಕಿದರೂ ಸಾಕು. 1985ರಲ್ಲಿ ಅದನ್ನು ಪರಿಷ್ಕರಿಸಿದ ದಾಖಲೆಯ ಮೇಲೆ ಮೂರು ಹೆಸರುಗಳಿವೆ: ಕೆನ್ ಹ್ಯಾರೆನ್‌ಸ್ಟೀನ್, ಮೇರಿ ಸ್ಟಾಲ್, ಎಲಿಜಬೆತ್ ಫೈನ್ಲರ್. ಮೂವರಲ್ಲಿ ಇಬ್ಬರು ಹೆಂಗಸರು.

1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮ ಬಂತು. ಇಂದಿಗೂ ಇಮೇಲ್ ಓಡಾಡುವುದು ಅದರ ವಂಶದ ನಿಯಮದ ಮೇಲೆಯೇ. ಅದರಲ್ಲಿ ನನ್ನಂಥವರಿಗೆ ಪ್ರಿಯವಾದ ಎರಡು ಆಜ್ಞೆಗಳಿದ್ದವು. 'ವೆರಿಫೈ' ಎಂದು ಹೆಸರು ಕೊಟ್ಟರೆ ಸರ್ವರ್ ಇದ್ದಾರೋ ಇಲ್ಲವೋ ಹೇಳುತ್ತದೆ. 'ಎಕ್ಸ್‌ಪ್ಯಾಂಡ್' ಎಂದರೆ ಒಂದು ಗುಂಪಿನ ವಿಳಾಸದ ಹಿಂದೆ ಯಾರು ಯಾರಿದ್ದಾರೆ ಎಂದು ಬಿಡಿಸಿ ತೋರಿಸುತ್ತದೆ. ಉತ್ತರ ಬರುವುದು ಅಂಕೆಯಲ್ಲಿ. 250 ಎಂದರೆ ಇದ್ದಾರೆ. 251 ಎಂದರೆ ಇಲ್ಲಿಲ್ಲ, ಮುಂದಕ್ಕೆ ಕಳಿಸುತ್ತೇನೆ. 550 ಎಂದರೆ ಅಂಥ ಪೆಟ್ಟಿಗೆಯೇ ಇಲ್ಲ.

ಈ ತೆರೆದ ಬಾಗಿಲುಗಳು ಮುಚ್ಚಿಕೊಂಡ ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ಎಂಬ ಮಾರಾಟದವರು ತಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಎಂದು ಸುಮಾರು 400 ಜನರಿಗೆ ಒಂದೇ ಸಲ ಇಮೇಲ್ ಕಳಿಸಿದರು. ವಿಳಾಸಗಳು ಬಂದದ್ದು ಎಲ್ಲಿಂದ? ಆರ್ಪಾನೆಟ್ಟಿನ ಅಚ್ಚಾದ ಡೈರೆಕ್ಟರಿಯಿಂದಲೇ, ಒಂದೊಂದಾಗಿ ಟೈಪ್ ಮಾಡಿ. ಹೆಸರುಗಳು ಜಾಗ ಸಾಲದೆ ಪತ್ರದ ಒಳಕ್ಕೇ ಚೆಲ್ಲಿದ್ದವು. ಇದೇ ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಹೆಸರಾಗಿದೆ. ನೆರೆಹೊರೆಯವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲೆಂದು ಅಚ್ಚು ಹಾಕಿಸಿದ ಪುಸ್ತಕ ಮಾರಾಟಗಾರನ ಕೈಗೆ ಸಿಕ್ಕಿತ್ತು. ಮದುವೆಗೆಂದು ಬರೆದಿಟ್ಟ ವಿಳಾಸಪಟ್ಟಿ ವಿಮಾ ಏಜೆಂಟನಿಗೆ ಸಿಕ್ಕಿದ ಹಾಗೆ.

ಹತ್ತು ವರ್ಷಗಳ ನಂತರ, 1988ರ ನವೆಂಬರ್ 2ರಂದು, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ 'ಹುಳು' ಜಾಲವನ್ನೇ ಅಲ್ಲಾಡಿಸಿತು. ಅದು ಒಳನುಗ್ಗಿದ ಕಿಂಡಿಗಳಲ್ಲಿ ಒಂದು ಇದೇ ಫಿಂಗರ್ ಸೇವೆ, ಇನ್ನೊಂದು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ. ಆಮೇಲೆ ಒಬ್ಬೊಬ್ಬರಾಗಿ ಫಿಂಗರ್ ನಿಲ್ಲಿಸಿದರು. ಸ್ಪ್ಯಾಮ್ ಹೆಚ್ಚಿದಂತೆ ವೆರಿಫೈ, ಎಕ್ಸ್‌ಪ್ಯಾಂಡ್ ಕೂಡ ಬಂದ್. ಸೆಂಡ್‌ಮೇಲ್‌ನಲ್ಲಿ ಇವನ್ನೆಲ್ಲ ಒಟ್ಟಿಗೆ ಮುಚ್ಚುವ ಸೆಟ್ಟಿಂಗಿಗೆ 'ಗೋಅವೇ' ಎಂದೇ ಹೆಸರು. ಮೊದಲ ಸಲ ಓದಿದಾಗ ಒಬ್ಬಳೇ ನಕ್ಕಿದ್ದೆ.

ನಗು ತರಿಸುವ ಇನ್ನೊಂದು 252. 1989ರ ನಿಯಮದಲ್ಲಿ ಸೇರಿದ ಉತ್ತರ ಅದು. ಅವರು ಇಲ್ಲಿದ್ದಾರೋ ಇಲ್ಲವೋ ಹೇಳಲಾರೆ, ಆದರೂ ಪತ್ರ ಕೊಟ್ಟರೆ ತಲುಪಿಸಲು ನೋಡುತ್ತೇನೆ ಎಂದು ಅರ್ಥ. ನಮ್ಮ ಸೊಸೈಟಿಯ ವಾಚ್‌ಮನ್ ಮಾತು! ಇಂದು ಎಷ್ಟೋ ಸರ್ವರುಗಳು ಯಾರನ್ನು ಕೇಳಿದರೂ ಹೇಳುವುದು ಇದನ್ನೇ.

ನಮ್ಮ ದೇಶಕ್ಕೆ ಇದೆಲ್ಲ ಬಂದದ್ದು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಿಂದ. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಜೊತೆಗೆ ನಮ್ಮ ಜುಹುವಿನ ಎನ್‌ಸಿಎಸ್‌ಟಿ. ಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೋಡೆಮ್ ಕಿರ್ರ್ ಎಂದು ಕೂಗಿದ ಮೇಲೆ ತೆರೆಯುತ್ತಿದ್ದದ್ದು ಬರೀ ಅಕ್ಷರಗಳ ಕಪ್ಪು ಪರದೆ. ನಾನು ಆಜ್ಞೆ ಟೈಪ್ ಮಾಡಲು ಕಲಿತದ್ದು ಅಲ್ಲೇ. 1997ರಲ್ಲಿ ಕೆಲಸಕ್ಕೆ ಸೇರಿದಾಗ ಕಂಪನಿಯವರು ಸೆಂಡ್‌ಮೇಲ್ ಓಡುವ ಯುನಿಕ್ಸ್ ಯಂತ್ರವೊಂದನ್ನು ತೋರಿಸಿ, "ನೀವೇ ನೋಡಿಕೊಳ್ಳಿ" ಎಂದರು. 'ಏಲಿಯಾಸಸ್' ಎಂಬ ಒಂದೇ ಕಡತ. ಎಡಕ್ಕೆ ಹೊರಗಿನವರು ಬರೆಯುವ ಹೆಸರು, ಬಲಕ್ಕೆ ನಿಜವಾದ ಪೆಟ್ಟಿಗೆ. ಯಾರಾದರೂ ಹೆಸರು ಬದಲಿಸಿದರೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಹಳೆಯ ಹೆಸರೂ ಇರುತ್ತಿತ್ತು, ಹೊಸದೂ ಇರುತ್ತಿತ್ತು.

ದೊಡ್ಡ ಕಂಪನಿಗಳಿಗೆ ಅಷ್ಟು ಸಾಲದು. 1988ರಲ್ಲಿ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಡೈರೆಕ್ಟರಿ ಮಾನಕ ಬಂದಿತ್ತು. ಇಡೀ ಜಗತ್ತಿಗೆ ಒಂದೇ ಫೋನ್ ಪುಸ್ತಕ ಎಂಬ ಕನಸು. ಅದು ಡೆಸ್ಕಿನ ಮೇಲಿನ ಕಂಪ್ಯೂಟರುಗಳಿಗೆ ಭಾರವಾಯಿತೆಂದು ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೌಸ್ ಮತ್ತು ಜೊತೆಗಾರರು ಹಗುರ ಮಾಡಿ ಎಲ್‌ಡ್ಯಾಪ್ ರೂಪಿಸಿದರು, 1993ರಲ್ಲಿ. ಈ ಮಾನಕಗಳಲ್ಲಿ ಒಬ್ಬ 'ವ್ಯಕ್ತಿ'ಯನ್ನು ದಾಖಲಿಸಬೇಕಾದರೆ ಎರಡು ಅಂಶ ಕಡ್ಡಾಯ. ಒಂದು ಆ ವ್ಯಕ್ತಿ ಸಾಮಾನ್ಯವಾಗಿ ಕರೆಸಿಕೊಳ್ಳುವ ಹೆಸರು. ಇನ್ನೊಂದು ಸರ್‌ನೇಮ್. ತಂದೆತಾಯಿ ಇಟ್ಟ ಹೆಸರಿಗೆಂದೇ ಬೇರೆ ಅಂಕಣವಿದೆ, ಅದು ಮಾತ್ರ ಐಚ್ಛಿಕ!

ನಮ್ಮವರ ಪಾಡು ಯೋಚಿಸಿ. ಹಳೆ ಮೈಸೂರು ಕಡೆಯವರಿಗೆ ಊರಿನ, ತಂದೆಯ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಎಲ್ಲಿ? 'ಎಸ್' ಎಂಬ ಒಂಟಿ ಅಕ್ಷರ ಆ ಅಂಕಣದಲ್ಲಿ ಹೋಗಿ ಕೂರುತ್ತಿತ್ತು. ಇತ್ತ ಮಹಾರಾಷ್ಟ್ರದ ಪದ್ಧತಿಯಲ್ಲಿ ಮದುವೆಯಾದರೆ ಹೆಂಗಸಿನ ನಡುವಿನ ಹೆಸರೂ ಬದಲು, ಕೊನೆಯದೂ ಬದಲು. ನಾನು ಮುಂಬಯಿಗೆ ಮದುವೆಯಾಗಿ ಬಂದ ವರ್ಷ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಕಟ್ಟಡದ ಬೋರ್ಡಿನಲ್ಲಿ ಇವರ ಹೆಸರಷ್ಟೇ. ಗಂಡಸರಿಗೆ ಈ ತಾಪತ್ರಯ ಇಲ್ಲ.

ನಮ್ಮ ಕಚೇರಿ ಆಮೇಲೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜಿಗೆ ಹೋಯಿತು. ಅದರ 2007ರ ಆವೃತ್ತಿಯಿಂದ ಪವರ್‌ಶೆಲ್ ಎಂಬ ಆಜ್ಞಾ ಪರದೆ ಸೇರಿಕೊಂಡಿತು. ಅಲ್ಲಿ 'ಗೆಟ್-ರೆಸಿಪಿಯೆಂಟ್' ನನ್ನ ಬಲಗೈ. ಪೆಟ್ಟಿಗೆ, ಗುಂಪು, ಹೊರಗಿನ ಸಂಪರ್ಕ, ಪತ್ರ ಪಡೆಯುವ ಯಾವುದನ್ನಾದರೂ ಅದು ಹುಡುಕುತ್ತದೆ. ವಿಳಾಸಪುಸ್ತಕದಲ್ಲಿ ಮರೆಮಾಡಿದವರನ್ನೂ ತೋರಿಸುತ್ತದೆ. ಏನೂ ಹೇಳದಿದ್ದರೆ ಮೊದಲ 1000 ಹೆಸರಿಗೆ ನಿಲ್ಲುತ್ತದೆ, ಅದನ್ನು ಮರೆತು 'ಇಲ್ಲ' ಎಂದು ಹೇಳಿದ ಹುಡುಗರನ್ನು ನಾನು ಬೈದದ್ದಿದೆ.

ಆ ಬೆಳಗ್ಗೆ ಧಾರವಾಡದ ಹುಡುಗಿಯ ಹಳೆಯ ಹೆಸರು ಕೊಟ್ಟು ಹುಡುಕಿದೆ. ಇಲ್ಲ. ಹೊಸ ಹೆಸರು ಕೊಟ್ಟೆ. ಇದೆ, ಮೂರು ತಿಂಗಳ ಹಿಂದೆ ಸೃಷ್ಟಿಯಾದದ್ದು. ಹೆಸರು ತಿದ್ದುವ ಬದಲು ಯಾರೋ ಹಳೆಯ ಖಾತೆ ಅಳಿಸಿ ಹೊಸದು ಮಾಡಿದ್ದರು. ಎಕ್ಸ್‌ಚೇಂಜ್ ತನ್ನ ಒಳಗೆ ಒಬ್ಬೊಬ್ಬರನ್ನೂ ಗುರುತಿಸುವುದು ಎಕ್ಸ್.500 ಮಾದರಿಯ ಒಂದು ಉದ್ದನೆಯ ವಿಳಾಸದಿಂದ. ಹುಬ್ಬಳ್ಳಿಯವರ ಔಟ್‌ಲುಕ್ ಹೆಸರಿನ ಎರಡು ಅಕ್ಷರ ಕಂಡೊಡನೆ ತುಂಬಿಕೊಡುತ್ತಿದ್ದದ್ದು ಅದೇ ಹಳೆಯ ವಿಳಾಸವನ್ನು. ಖಾತೆ ಸತ್ತಿದ್ದರಿಂದ ಪತ್ರ ಮರಳಿ ಹೋಗುತ್ತಿತ್ತು. ಮರಳಿ ಹೋದ ಪತ್ರದ ಅಡಿಯಲ್ಲಿದ್ದ ಆ ಅಕ್ಷರಮಾಲೆಯನ್ನು ಎತ್ತಿ, ಅದರಲ್ಲಿನ ಸಂಕೇತಗಳನ್ನು ಬಿಡಿಸಿ, ಹೊಸ ಖಾತೆಗೆ ಹೆಚ್ಚುವರಿ ವಿಳಾಸವಾಗಿ ಸೇರಿಸಿದೆ. ಹಳೆಯ ಇಮೇಲ್ ವಿಳಾಸವನ್ನೂ ಸೇರಿಸಿದೆ. ಹತ್ತು ನಿಮಿಷದ ಕೆಲಸ. ಮತ್ತೆ ಹಳೆಯ ಹೆಸರಿನ ವಿಳಾಸ ಕೊಟ್ಟು ಕೇಳಿದೆ, ಈಗ ಆಕೆ ಸಿಕ್ಕಿದಳು.

ಹುಬ್ಬಳ್ಳಿಯ ಜಾಗ ಮಾತ್ರ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು.

ಆ ಸಂಜೆ ಕೂತು, ಹಿಂದಿನ ಎರಡು ವರ್ಷಗಳಲ್ಲಿ ಹೊಸ ಹೆಸರು ಪಡೆದವರ ಪಟ್ಟಿಯನ್ನು ಸಿಬ್ಬಂದಿ ವಿಭಾಗದಿಂದ ತರಿಸಿಕೊಂಡು ಒಂದೊಂದನ್ನೂ ಹುಡುಕಿದೆ. ಹೀಗೆಯೇ ಕಳೆದುಹೋದವರು ಇನ್ನೂ ಇದ್ದರು, ಎಲ್ಲರೂ ಹೆಂಗಸರು. ಎಲ್ಲರಿಗೂ ಹಳೆಯ ವಿಳಾಸ ಮರಳಿ ಜೋಡಿಸಿದೆ. ಹೆಸರು ಬದಲಾವಣೆಯ ಫಾರ್ಮಿನಲ್ಲಿ 'ಹಳೆಯ ವಿಳಾಸ ಇರಲಿ' ಎಂಬ ಒಂದು ಸಾಲು ಸೇರಿಸಿ ಎಂದು ಕೇಳಿದೆ. ಒಂದು ಸಾಲಿಗೆ ಎಂಟು ತಿಂಗಳು ಹಿಡಿಯಿತು.

ಜೇಕ್ ಫೈನ್ಲರ್ ಅವರನ್ನು 2012ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅದು ಆರಂಭವಾದ ವರ್ಷವೇ. ಆಗ ಅವರಿಗೆ 81 ವರ್ಷ.

ನಮ್ಮ ಹುಡುಗಿ ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಒಂದು ಮಧ್ಯಾಹ್ನ ಫೋನ್ ಹಿಡಿದುಕೊಂಡು ಓಡಿಬಂದಳು. "ಬಂತ್ರಿ ಅಕ್ಕಾರ, ನೋಡ್ರಿ." ಹುಬ್ಬಳ್ಳಿಯ ಪತ್ರ. ಕಳಿಸಿದವರು ಈ ಸಲವೂ ಆಕೆಯ ಹಳೆಯ ಹೆಸರನ್ನೇ ಒತ್ತಿದ್ದರು.