ಒಂದು ಲೀಟರ್ ನೀರಿನ ಚರಿತ್ರೆ

ನರ್ಸಿಂಗ್ ಎರಡನೇ ವರ್ಷ, ಮಕ್ಕಳ ವಾರ್ಡಿನಲ್ಲಿ ಮೊದಲ ವಾರ. ವಾಂತಿಭೇದಿಯಿಂದ ಸೊರಗಿದ್ದ ಎರಡು ವರ್ಷದ ಮಗುವಿಗೆ ಓಆರ್‌ಎಸ್ ಕುಡಿಸುವ ಕೆಲಸ ನನ್ನದು. ಲೋಟ ಎತ್ತಿ ಗಟಗಟ ಕುಡಿಸಿದೆ. ಎರಡೇ ನಿಮಿಷಕ್ಕೆ ಅಷ್ಟೂ ನನ್ನ ಸಮವಸ್ತ್ರದ ಮೇಲೆ! "ಡ್ರಿಪ್ ಹಾಕಿಬಿಡೋಣ ಸಿಸ್ಟರ್" ಅಂದೆ. ಅವರು ಚಮಚ ಕೈಗಿಟ್ಟರು. "ಹತ್ತು ನಿಮಿಷ ಬಿಡು. ಆಮೇಲೆ ಚಮಚ ಚಮಚವಾಗಿ ಕೊಡು." ಮಧ್ಯಾಹ್ನವೆಲ್ಲ ಹಾಗೇ ಕೂತೆ. ಅಲ್ಲಿಯವರೆಗೆ ಒಣಗಣ್ಣಿನಲ್ಲಿ ಅಳುತ್ತಿದ್ದ ಮಗುವಿಗೆ ಸಂಜೆ ಅತ್ತಾಗ ಕಣ್ಣೀರು ಬಂತು.

ಡ್ರಿಪ್ ಎಂದರೆ ದೊಡ್ಡ ಚಿಕಿತ್ಸೆ, ಪುಡಿ ಎಂದರೆ ಸಮಾಧಾನಕ್ಕೆ ಕೊಡುವಂಥದ್ದು ಎಂದುಕೊಂಡಿದ್ದವಳು ನಾನು. ಆ ರಾತ್ರಿ ಹಾಸ್ಟೆಲಿನಲ್ಲಿ ಪುಡಿಯ ಕಥೆ ಹುಡುಕಿ ಓದಿದೆ.

1971. ಪೂರ್ವ ಪಾಕಿಸ್ತಾನದಿಂದ ಜೀವ ಹಿಡಿದು ಓಡಿಬಂದವರು ಪಶ್ಚಿಮ ಬಂಗಾಳದ ಗಡಿಯೂರು ಬನಗಾಂವ್‌ನಲ್ಲಿ ತುಂಬಿದ್ದರು. ಜೊತೆಗೆ ಕಾಲರಾ. ಕಲ್ಕತ್ತೆಯಿಂದ ಹೋದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್, ನೆಲದ ಮೇಲಿನ ವಾಂತಿಭೇದಿಯ ನಡುವೆ ಮಂಡಿಯೂರಿ ರೋಗಿಗಳಿಗೆ ಸಲೈನ್ ಏರಿಸಬೇಕಾಯಿತು. ಸಲೈನ್ ಮುಗಿಯುತ್ತ ಬಂತು, ಅದನ್ನು ಏರಿಸಬಲ್ಲ ಕೈಗಳೂ ಸಾಲಲಿಲ್ಲ. ಕಾಲರಾ ಹಿಡಿದ ಕರುಳಿನಲ್ಲೂ ಗ್ಲೂಕೋಸ್ ಉಪ್ಪನ್ನು ಜೊತೆಗೆ ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಇದು 1960ರ ದಶಕದಲ್ಲೇ ಗೊತ್ತಾಗಿತ್ತು. ಆದರೆ ವೈದ್ಯರ ಕಣ್ಗಾವಲಿಲ್ಲದೆ ಕುಡಿಸಬಹುದೆಂಬ ಧೈರ್ಯ ಯಾರಿಗಿತ್ತು?

ಅವರು ಧೈರ್ಯ ಮಾಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ನಲ್ಲಿಯಿರುವ ಡ್ರಮ್ಮುಗಳಲ್ಲಿ ಕದಡಿಟ್ಟು, ಕುಡಿಸುವ ಕೆಲಸವನ್ನು ಮನೆಯವರಿಗೇ ವಹಿಸಿದರು. ಶಿಬಿರದಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ 4ಕ್ಕಿಂತ ಕೆಳಗಿಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಿಂತ ಆ ಮನೆಯವರು. ಲೋಟ ಹಿಡಿದ ಅಮ್ಮಂದಿರು, ಅಣ್ಣಂದಿರೇ ಅಲ್ಲಿ ನರ್ಸುಗಳು. ಅವರ ಹೆಸರು ಎಲ್ಲೂ ಇಲ್ಲ. ಮಹಲನಬಿಸ್ ಅವರಿಗೂ ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ತೀರಿಕೊಂಡ ಮೇಲೆ.

ರಜೆಗೆ ಊರಿಗೆ ಹೋದಾಗ ಅಕ್ಕನ ಮಗನಿಗೆ ಭೇದಿ. "ನೀರು ಕೊಡಬೇಡ್ರೇ, ಇನ್ನೂ ಜಾಸ್ತಿಯಾಗ್ತದೆ" ಅಂತ ಅಜ್ಜಿ. ಅದೇ ಅಜ್ಜಿ ಉಪ್ಪು ಹಾಕಿದ ಗಂಜಿತಿಳಿಯನ್ನು ಮಾತ್ರ ಧಾರಾಳವಾಗಿ ಕುಡಿಸುತ್ತಿದ್ದರು. ಅಮ್ಮನೋ, ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದಿದ್ದರು. ಅಷ್ಟು ಗಟ್ಟಿಯಾದರೆ ಅದು ಕರುಳಿನಿಂದಲೇ ನೀರೆಳೆಯುತ್ತದೆ ಎಂದು ಹೇಳಿ ಚೆಲ್ಲಿಸಿದೆ.

"ಅಯ್ಯೋ, ದುಡ್ಡು ಕೊಟ್ಟು ತಂದಿದ್ದು ಕಣೇ!" ಅಂದರು ಅಮ್ಮ. ಆಮೇಲೆ ಲೀಟರ್ ಬಾಟಲಿ ತೊಳೆಯಲು ಹೋದರು. ನಾನು ಚಮಚ ಹುಡುಕಿದೆ.