ಸಡಿಲಿಸಿದ ತಂತಿಗಳು

ಕ್ಯಾಪ್ಟನ್ ವ್ಯಾಂಕೂವರನು 1793ರಲ್ಲಿ ಹವಾಯಿ ದ್ವೀಪದ ದೊರೆಗೆ ಕಾಣಿಕೆಯಿತ್ತ ದನಗಳು ಕಾಲಕ್ರಮದಲ್ಲಿ ಕಾಡುಮಂದೆಗಳಾಗಿ ಹೆಚ್ಚಿದುವು. ಅವನ್ನು ಹಿಡಿಯುವ ಬಗೆಯನ್ನು ಕಲಿಸಲು 1830ರ ದಶಕದಲ್ಲಿ ಮೂರನೆಯ ಕಮೆಹಮೆಹನು, ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯದಿಂದ ಗೋವಳರನ್ನು ಕರೆಸಿದನು. ಗಿಟಾರೂ ಅವರೊಡನೆ ಬಂದಿತೆಂದು ಪ್ರತೀತಿ. ದ್ವೀಪದವರು ಅದಕ್ಕೆ ಹೊಸ ಶ್ರುತಿಗಳನ್ನು ಕಟ್ಟಿದರು. ಆರು ತಂತಿಗಳಲ್ಲಿ ಒಂದನೆಯ, ಐದನೆಯ, ಆರನೆಯವುಗಳ ಬಿರಡೆ ಸಡಿಲಿಸಿ ಒಂದೊಂದು ಪೂರ್ಣಸ್ವರದಷ್ಟು ಇಳಿಸಿದರೆ, ಬೆರಳೊತ್ತದೆಯೇ ಷಡ್ಜ, ಅಂತರಗಾಂಧಾರ, ಪಂಚಮಗಳು ಒಡನುಡಿಯುವುವು. ಇಂತಹ ಶ್ರುತಿಗಳನ್ನು ಮನೆತನಗಳು ಆಸ್ತಿಯಂತೆ ಗುಟ್ಟಾಗಿ ಕಾಯ್ದುವು. ಹಿರಿಯರು ಅಳಿದಂತೆ ವಿದ್ಯೆಯೂ ಅಳಿಯತೊಡಗಿತು. 1940ರ ದಶಕದಲ್ಲಿ ಗ್ಯಾಬಿ ಪಹಿನುಯಿ ಅದನ್ನು ಧ್ವನಿಮುದ್ರಿಕೆಗೆ ತಂದರು. 1973ರಲ್ಲಿ ಕಿಯೋಲ ಬೀಮರ್ ಪಾಠಪುಸ್ತಕವನ್ನೇ ಪ್ರಕಟಿಸಿದರು. ಮನೆಯ ಗುಟ್ಟು ಹೊರಬಿದ್ದುದರಿಂದಲೇ ಆ ನಾದವು ಇಂದಿಗೂ ಉಳಿದಿದೆ.